ಬಿಸಿಲಿನಲ್ಲಿ ಸ್ವೆಟರ್

ಬುಧವಾರ, ಕೆಲಸಕ್ಕೆ ಹೊರಡುವ ಮುಂಚೆ

ಗುಬ್ಬಿಯ ಅಪ್ಪನಿಗೆ,

ನನ್ನ ಅಕ್ಷರ ಕಂಡ ಕೂಡಲೇ ಹರಿದು ಹಾಕಬೇಡಿ. ಮಗಳು ಯಾರ ಹತ್ತಿರ ಇರಬೇಕು ಎಂಬ ಜಗಳಕ್ಕೆ ಕೋರ್ಟಿದೆ, ವಕೀಲರಿದ್ದಾರೆ, ಅವರು ಹೊಟ್ಟೆ ತುಂಬ ಕಿತ್ತಾಡಿಕೊಳ್ಳಲಿ. ಇದು ಅವಳ ಆರೋಗ್ಯದ ವಿಷಯ.

ಮೊನ್ನೆ ಭಾನುವಾರ ಅವಳನ್ನು ನನ್ನ ಹತ್ತಿರ ಬಿಟ್ಟು ಹೋಗುವಾಗ ಬಾಗಿಲಲ್ಲೇ ನಿಂತು, ಇವಳೂ ನಿನ್ನ ಹಾಗೇ ಮೈಗಳ್ಳಿ ಆಗ್ತಿದಾಳೆ, ಎಷ್ಟು ಎಬ್ಬಿಸಿದ್ರೂ ಏಳಲ್ಲ, ಅಂದಿರಿ. ಮದುವೆಯಾದಾಗಿನಿಂದ ನೀವು ಆಡಿದ ಮಾತುಗಳಲ್ಲಿ ಅರ್ಧವಾದರೂ ನಿಜವಾದದ್ದು ಇದೊಂದೇ. ಹೌದು, ನನ್ನ ಹಾಗೇ.

ಹೊರಗೆ ಸುಡುವ ಬಿಸಿಲು, ಗುಬ್ಬಿ ಸ್ವೆಟರ್ ಬಿಚ್ಚಲಿಲ್ಲ. ಕೈ ಹಿಡಿದರೆ ತಣ್ಣಗೆ. ಜಡೆ ಹಾಕಲು ಕೂತರೆ ಬಾಚಣಿಗೆಯ ತುಂಬ ಕೂದಲು. ಮುಖ ಊದಿಕೊಂಡಿದೆ, ನೀವು ಮೈ ತುಂಬಿಕೊಂಡಿದ್ದಾಳೆ ಅಂದುಕೊಂಡಿದ್ದೀರಿ. ಹೋದ ವರ್ಷ ಹೊಲಿಸಿದ ಯೂನಿಫಾರ್ಮ್ ಉದ್ದಕ್ಕೆ ಈಗಲೂ ಸರಿಯಾಗಿದೆ. ಬೆಳೆಯುವ ಹುಡುಗಿಗೆ ಅದು ಸರಿಯಾಗಿರಬಾರದು. ಅರಳು ಹುರಿದ ಹಾಗೆ ಮಾತಾಡುತ್ತಿದ್ದವಳು ಏನು ಕೇಳಿದರೂ ತಡವರಿಸಿ, ಗೊಗ್ಗರು ದನಿಯಲ್ಲಿ, ಸುಸ್ತಮ್ಮಾ ಅಂದಳು.

ನನಗೂ ಹೀಗೇ ಆಗಿತ್ತು. ಲಾಂಡ್ರಿಯಲ್ಲಿ ಹಬೆ ಕಾರುವ ಇಸ್ತ್ರಿ ಯಂತ್ರದ ಮುಂದೆ ಎಲ್ಲರೂ ಬೆವರಿನಲ್ಲಿ ತೊಯ್ದಿರುವಾಗ ನಾನೂ ಸ್ವೆಟರ್ ಹಾಕಿಕೊಂಡೇ ನಿಲ್ಲುತ್ತಿದ್ದೆ. ಜೊತೆಯವರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಒಲೆಯ ಮೇಲೆ ಹಾಲಿಟ್ಟು ನಿದ್ದೆಹೋಗಿ, ಮನೆಯೆಲ್ಲ ಹೊಗೆ ತುಂಬಿ, ಗುಬ್ಬಿ ಕೆಮ್ಮುತ್ತ ಬೀದಿಗೆ ಓಡಿದ ದಿನ ನೀವು ಅವಳನ್ನು ಕರೆದುಕೊಂಡು ಹೋದಿರಿ. ನಿಮ್ಮ ಡಾಕ್ಟರ್ ಮನಸ್ಸಿನ ಕಾಯಿಲೆ ಎಂದು ನಿದ್ದೆ ಮಾತ್ರೆ ಬರೆದರು. ನಿದ್ದೆಯಲ್ಲೇ ಮುಳುಗಿದವಳಿಗೆ ನಿದ್ದೆ ಮಾತ್ರೆ! ರಕ್ತ ಪರೀಕ್ಷೆ ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಆಮೇಲೆ ಸಿಕ್ಕ ಡಾಕ್ಟರಮ್ಮ ನನ್ನನ್ನು ಕುರ್ಚಿಯ ಮೇಲೆ ಮಂಡಿಯೂರಿಸಿ, ಹಿಮ್ಮಡಿಯ ಸ್ವಲ್ಪ ಮೇಲೆ ಪುಟ್ಟ ಸುತ್ತಿಗೆಯಿಂದ ತಟ್ಟಿದರು. ಪಾದ ಜಿಗಿಯಿತು, ವಾಪಸ್ ಬರಲು ಮಾತ್ರ ಸೋಮಾರಿತನ ಮಾಡಿತು. ರಕ್ತ ನೋಡಿದರೆ ಥೈರಾಯ್ಡ್ ಗ್ರಂಥಿ ಹೆಚ್ಚುಕಡಿಮೆ ಕೆಲಸವನ್ನೇ ಬಿಟ್ಟಿತ್ತು. ಅಂದರೆ ಮೈಗಳ್ಳಿ ನಾನಲ್ಲ, ಕುತ್ತಿಗೆಯೊಳಗಿನ ಆ ಗ್ರಂಥಿ. ಅದು ತಿಳಿದ ದಿನ ಒಗೆಯದ ಹೊದಿಕೆಗಳ ರಾಶಿಯ ಹಿಂದೆ ಕೂತು ಗಳಗಳನೆ ಅತ್ತುಬಿಟ್ಟೆ.

ಥೈರಾಯ್ಡ್ ಮಾತ್ರೆ ಶುರುವಾದ ಮೇಲೂ ಎಡವಟ್ಟಾಯಿತು. ಬೆಳಗಿನ ಪಾಳಿಗೆ ಬಂದವರಿಗೆ ಲಾಂಡ್ರಿಯ ಬಾಗಿಲಲ್ಲೇ ಹಾಲು ಹಾಕಿದ ಟೀ ಕೊಡುತ್ತಾರೆ. ಈ ಮಾತ್ರೆಯನ್ನೂ ರಕ್ತ ಹೆಚ್ಚಲು ಕೊಟ್ಟಿದ್ದ ಕಬ್ಬಿಣದ ಮಾತ್ರೆಯನ್ನೂ ಒಟ್ಟಿಗೆ ಅದರಲ್ಲೇ ನುಂಗುತ್ತಿದ್ದೆ. ಹಾಲೂ ಕಬ್ಬಿಣವೂ ಅಡ್ಡ ಬಂದು ತಿಂಗಳುಗಟ್ಟಲೆ ಅದು ಮೈಗೆ ಹತ್ತಲಿಲ್ಲ. ಗುಬ್ಬಿಗೆ ಹಾಗಾಗುವುದು ಬೇಡ. ಡಾಕ್ಟರ್ ಮಾತ್ರೆ ಬರೆದರೆ ಎದ್ದ ಕೂಡಲೇ ಬರೀ ನೀರಿನಲ್ಲಿ ಕೊಡಿ. ಹಾಲು, ತಿಂಡಿ ಸ್ವಲ್ಪ ಹೊತ್ತು ಬಿಟ್ಟು, ಕಬ್ಬಿಣದ ಟಾನಿಕ್ ಇದ್ದರೆ ಸಂಜೆಗೆ. ಚುರುಕಾದಳು ಅಂತ ನೀವೇ ನಿಲ್ಲಿಸಿಬಿಡಬೇಡಿ.

ಅವಳದೂ ಇದೇ ಎಂದು ನಾನು ಹೇಳಲಾರೆ, ರಕ್ತವೇ ಹೇಳಬೇಕು. ಆದರೆ ಇದು ತಾಯಿಯಿಂದ ಮಗಳಿಗೆ ಬರಬಹುದಂತೆ. ಬೆಳೆಯುವ ವಯಸ್ಸಿನಲ್ಲಿ ತಡವಾದರೆ ಎತ್ತರವೂ ಓದೂ ಹಿಂದೆ ಬೀಳುತ್ತವಂತೆ. ನಾನೇ ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದೆ, ಆದರೆ ನಿಮ್ಮ ಒಪ್ಪಿಗೆಯಿಲ್ಲದೆ ಅವಳಿಗೆ ಚಿಕಿತ್ಸೆ ಕೊಡಿಸಬಾರದೆಂದು ಕೋರ್ಟಿನ ಆದೇಶವಿದೆ. ಆದ್ದರಿಂದ ಕೈಮುಗಿದು ಕೇಳುತ್ತೇನೆ, ಈ ವಾರವೇ ಹೋಗಿ. ಅಲ್ಲಿಯವರೆಗೆ ಅವಳನ್ನು ಬೈಯಬೇಡಿ. ಏಳಬೇಕು ಏಳಬೇಕು ಅಂದುಕೊಳ್ಳುತ್ತಲೇ ಏಳಲಾಗದೆ, ಬೈಗುಳ ಕೇಳುತ್ತ ಮಲಗಿರುವುದು ಎಂಥ ನರಕ ಎಂದು ನನಗೆ ಗೊತ್ತು.

ಇಂತಿ,
ಗುಬ್ಬಿಯ ಅಮ್ಮ

ತಾ.ಕ.: ಇದನ್ನು ಬರೆಯಲೇಬೇಡಿ ಅಂದರು ನನ್ನ ವಕೀಲರು. ವಿಚಾರಣೆ ಹತ್ತಿರ ಬಂತು, ಸುಮ್ಮನಿರಿ, ಅಪ್ಪನ ಮನೆಯಲ್ಲಿ ಮಗು ಇನ್ನಷ್ಟು ಸೊರಗಿದರೆ ನಮಗೇ ಅನುಕೂಲ, ಅಂದರು. ಬರೆದರೆ, ತಾಯಿಯೇ ರೋಗಿಷ್ಠೆ, ಮಗಳಿಗೂ ರೋಗ ಅಂಟಿಸಿದ್ದಾಳೆ ಎಂದು ನಿಮ್ಮ ಕಡೆಯವರು ವಾದಿಸುತ್ತಾರಂತೆ. ವಾದಿಸಲಿ. ಮೊದಲು ಗುಬ್ಬಿಯ ರಕ್ತ ಪರೀಕ್ಷೆ ಮಾಡಿಸಿ, ಆಮೇಲೆ ಈ ಪತ್ರವನ್ನು ನಿಮ್ಮ ವಕೀಲರಿಗೆ ಕೊಡಿ.