ಕೆ-ಟೂ ಎಂಬ ನಮ್ಮ ಕೂಸು

ಬಾಡ, ಕುಮಟಾ
೧೪-೧೧-೨೦೨೪

ಪ್ರೀತಿಯ ಸುಚಿತಕ್ಕನಿಗೆ ವಿನುತಾಳ ನಮಸ್ಕಾರ.

ನನ್ನ ಅಕ್ಷರ ಚೆನ್ನಾಗಿಲ್ಲ, ತಪ್ಪುಗಳೂ ಇರುತ್ತವೆ, ಬೇಸರ ಮಾಡಬೇಡಿ. ಐದನೇ ಇಯತ್ತೆಗೆ ಶಾಲೆ ಬಿಟ್ಟ ಮೇಲೆ ಪೆನ್ನು ಹಿಡಿದದ್ದೇ ಕಡಿಮೆ. ದೀಪಾವಳಿಗೇ ಬರೆಯಬೇಕಿತ್ತು, ತಡವಾಯಿತು. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀರಿ. ನಿಮ್ಮ ದನಿ ಕೇಳಿದ ಕೂಡಲೇ ಮಳೆ, ಮೀನು ಎಂದು ಏನೇನೋ ಹೇಳಿ ಇಟ್ಟುಬಿಡುತ್ತೇನೆ.

ಇಲ್ಲಿ ಎಲ್ಲರೂ ಆರಾಮ. ಕೂಸಿಗೆ ನಾಲ್ಕು ತಿಂಗಳು ತುಂಬಿತು. ಬೋರಲು ಬೀಳುತ್ತಾಳೆ, ಮತ್ತೆ ತಿರುಗಲಾರದೆ ಅಳುತ್ತಾಳೆ. ಹೆಸರು ಇನ್ನೂ ಇಟ್ಟಿಲ್ಲ. ಸೋದರತ್ತೆ ಕಿವಿಯಲ್ಲಿ ಹೇಳದೆ ಹೆಸರಿಡುವುದು ಹೇಗೆ ಎಂದು ಅಮ್ಮ ನಿಮ್ಮ ದಾರಿ ನೋಡುತ್ತಿದ್ದಾರೆ. ನೀವು ನಿಮ್ಮ ತಮ್ಮನ ಹತ್ತಿರ, ನನ್ನ ಬಾಯಿಂದ ಬೇಡ, ಬೇರೆ ಯಾರಾದರೂ ಹೇಳಲಿ ಎಂದಿರಂತೆ.

ಈಗ ಬೇರೆಯೇ ಫಜೀತಿ ಆಗಿದೆ. ಇವರು ಕೆಲಸ ಮಾಡುವ ಓಂ ಬೀಚಿನ ಹೋಟೆಲಿಗೆ ನೇಪಾಳದ ಅಡುಗೆಯವನೊಬ್ಬ ಬಂದಿದ್ದಾನೆ. ಅವನಿಂದ ಇವರಿಗೆ ಬೆಟ್ಟದ ಹುಚ್ಚು ಹಿಡಿದಿದೆ. ಮೊನ್ನೆ ರಜೆಗೆ ಬಂದವರು ಊಟಕ್ಕೆ ಕೂತು ಶುರು ಮಾಡಿದರು. ಎವರೆಸ್ಟು ಸಮುದ್ರಮಟ್ಟದಿಂದ ಎಂಟು ಸಾವಿರದ ಎಂಟುನೂರು ಮೀಟರಿಗಿಂತಲೂ ಎತ್ತರವಂತೆ. ಅಮ್ಮ ಮೀನಿನ ಮುಳ್ಳು ಬಿಡಿಸುತ್ತ, "ಎಂತ, ಭರತಿ ಇದ್ದಾಗ ಅಳ್ದದ್ದೋ, ಇಳಿತ ಇದ್ದಾಗೋ?" ಎಂದು ಕೇಳಿದರು. ಇವರು ಮಾತು ತಿರುಗಿಸಿದರು. ಅದರ ತುದಿಯ ಕಲ್ಲಿನಲ್ಲಿ ಹಳೇ ಸಮುದ್ರದ ಜೀವಿಗಳ ಗುರುತು ಇದೆ ಎಂದಾಗ ಮಾತ್ರ ಅಮ್ಮನ ಕೈ ನಿಂತಿತು. "ಹಾಗಾರೆ ಅದೂ ನಮ್ಮ ಕಡೇದೇ ಆತು" ಅಂದರು.

ಎರಡನೆಯ ಎತ್ತರದ ಬೆಟ್ಟಕ್ಕೆ ಕೆ-ಟೂ ಎನ್ನುತ್ತಾರೆ. ಅಳೆಯಲು ಬಂದವರು ಹಾಕಿಕೊಂಡ ಗುರುತು ಅದು. ಹತ್ತಿರದಲ್ಲಿ ಊರೇ ಇಲ್ಲದ್ದರಿಂದ ಎಲ್ಲರೂ ಕರೆಯುವ ಹೆಸರೊಂದು ಅದಕ್ಕೆ ಇರಲಿಲ್ಲವಂತೆ, ಆ ಗುರುತೇ ಉಳಿಯಿತು. ಇಷ್ಟು ಹೇಳಿದವರೇ ಕೂಸನ್ನು ಎತ್ತಿಕೊಂಡು, ಬಾ ನನ್ನ ಕೆ-ಟೂ ಅಂದರು. "ಬಸ್ಸಿನ ನಂಬ್ರ ಇದ್ದಾಂಗೆ ಇದೆ, ಬೇಡ ಮಾರಾಯ" ಎಂದು ಅಮ್ಮ ಬೈದರು. ಆದರೆ ಈಗ ಮೀನು ತರುವವಳೂ ಕೆ-ಟೂ ಎದ್ದಳಾ ಎಂದು ಕೇಳುತ್ತಾಳೆ. ಹಾಗೆ ಕರೆದರೆ ಕೂಸು ತಿರುಗಿ ನೋಡಲೂ ಶುರು ಮಾಡಿದೆ. ನೀವು ಬೇಗ ಬರದಿದ್ದರೆ ಅದೇ ಗಟ್ಟಿಯಾಗುತ್ತದೆ ಅಕ್ಕ. ನನಗೆ ನಗುವೂ ಬರುತ್ತದೆ, ಹೆದರಿಕೆಯೂ ಆಗುತ್ತದೆ.

ನಿಮ್ಮೂರು ಜಾಲಿಯಲ್ಲಿ ಭಾವನ ಅಂಗಡಿ ಚೆನ್ನಾಗಿ ನಡೆಯುತ್ತಿದೆ ಎಂದು ಕೇಳಿ ಸಂತೋಷವಾಯಿತು. ಅವರಿಗೂ ನಮಸ್ಕಾರ ಹೇಳಿ. ಅಮ್ಮ ಇಬ್ಬರಿಗೂ ಆಶೀರ್ವಾದ ತಿಳಿಸಿದ್ದಾರೆ. ದೇವರು ನಿಮ್ಮನ್ನು ತಂಪಾಗಿ ಇಡಲಿ.

ನಿಮ್ಮ
ವಿನುತಾ

ತಾ.ಕ.: ಮೇಲೆ ಬರೆಯಲು ಧೈರ್ಯವಾಗಲಿಲ್ಲ. ನಿಮ್ಮ ಮಗ ಹೆಸರಿಡುವ ಮೊದಲೇ ಹೋದ. ಅದಕ್ಕೇ ನೀವು ಬರುತ್ತಿಲ್ಲ ಎಂದು ನನಗೆ ಗೊತ್ತು. ಈ ಮನೆಯಲ್ಲಿ ಅವನ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ಏನೆಂದು ಕರೆದು ಎತ್ತುವುದು? ಇವತ್ತು ಬೆಳಿಗ್ಗೆ ಹೊಸ ಆಶಾ ಕಾರ್ಯಕರ್ತೆ ಬಂದಿದ್ದರು. ಈ ಮನೆಗೆ ಇದೇ ಮೊದಲ ಮೊಮ್ಮಗುವಾ ಎಂದು ಅಮ್ಮನನ್ನು ಕೇಳಿದರು. ಅಮ್ಮ ತಲೆ ತಗ್ಗಿಸಿದರು. ನಾನೇ ಬಾಗಿಲ ಮರೆಯಿಂದ ಹೊರಗೆ ಬಂದು, "ಅಲ್ಲ, ಎರಡನೇದು" ಎಂದೆ.