ಸಂಜೆಯ ಆರು ಅಂಕಿ

ಕೊಳ್ಳೇಗಾಲ, ದೇವಾಂಗಪೇಟೆ
೧೮ ನವೆಂಬರ್ ೨೦೨೫

ಪ್ರೀತಿಯ ಚೌಡೇಶಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೆ? ಗಡಿಯಾಚೆಯ ಆ ಅಂತಿಯೂರಿನಲ್ಲಿ ಊಟಕ್ಕೇನು ಮಾಡುತ್ತೀಯ? ಫೋನ್ ಮಾಡಿದರೆ ಎತ್ತುವುದಿಲ್ಲ, ಮೆಸೇಜಿನಲ್ಲಿ ಕೇಳಿದರೆ ಉತ್ತರವಿಲ್ಲ; ಅದಕ್ಕೇ ಈ ಕಾಗದ. ಹನೂರಿನ ಮಹದೇವು ಟೊಮೆಟೊ ಗಾಡಿ ತೆಗೆದುಕೊಂಡು ಅಲ್ಲಿನ ಸಂತೆಗೆ ಬಂದಾಗ ನಿನ್ನನ್ನು ಪವರ್‌ಲೂಮ್ ಶೆಡ್ಡಿನ ಬಾಗಿಲಲ್ಲಿ ನೋಡಿದನಂತೆ. "ಅಣ್ಣ ಇಳ್ದೋಗವ್ನೆ ಕಣಕ್ಕ" ಎಂದ. ಅಮ್ಮನಿಗೆ ಆ ಮಾತು ಹೇಳಿಲ್ಲ. ಅವನ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ.

ಇಲ್ಲಿ ಎಲ್ಲರೂ ಆರೋಗ್ಯ, ಮಗ್ಗದ ಗುಂಡಿಗೆ ಇಳಿಯುವಾಗ ಅಪ್ಪನ ಮಂಡಿ ಲಟಕ್ಕೆನ್ನುವುದೊಂದು ಬಿಟ್ಟು. ನೀನು ಕಟ್ಟಿದ ಸೀರೆ ವೆಬ್‌ಸೈಟಿಗೆ ಈಗ ನಾನೇ ಯಜಮಾನಿ. ಹಾಳೂರಿಗೆ ಉಳಿದವನೇ ಗೌಡ ಅಂತಾರಲ್ಲ, ಹಾಗೆ. ನೀನಿದ್ದಾಗ ಅಂಚು, ಸೆರಗು ಅಂತ ಉದ್ದುದ್ದ ಬರೆದರೂ ಜನ ಹುಡುಕಿಕೊಂಡು ಬಂದು ಓದುತ್ತಿದ್ದರು. ಆಮೇಲೆ ಬರಹ ಬೇಡ, ಫೋಟೋ ಹಾಕಿ ಅಂದರು. ಫೋಟೋ ಕಲಿಯುವಷ್ಟರಲ್ಲಿ ವಿಡಿಯೋ ಅಂದರು. ಅಪ್ಪನನ್ನು ಒಪ್ಪಿಸಲು ಸಾಕುಸಾಕಾಯಿತು. "ಮೊಕ ಬ್ಯಾಡ, ಬೇಕಾರೆ ಕೈ ತಕ್ಕೊ" ಎಂದರು. ಕೈಯನ್ನೇ ತೆಗೆದೆ. ಈಗ ಅದೂ ಸಾಲದು. ಕೊಳ್ಳೇಗಾಲದ ಸೀರೆಯ ಬಗ್ಗೆ ಯಾರಾದರೂ ಇಂಟರ್‌ನೆಟ್ಟಿನಲ್ಲಿ ಕೇಳಿದರೆ ಎಐ ಯಂತ್ರವೇ ನಾವು ಬರೆದದ್ದನ್ನೆಲ್ಲ ಅರೆದು ನಾಲ್ಕು ಸಾಲಿನಲ್ಲಿ ಉತ್ತರ ಕೊಟ್ಟುಬಿಡುತ್ತದೆ, ನಮ್ಮ ಬಾಗಿಲಿಗೆ ಒಂದು ನರಪಿಳ್ಳೆ ಬರುವುದಿಲ್ಲ. ಹೊಟ್ಟೆ ಉರಿಯುತ್ತದೆ ಅಣ್ಣ. ಒಂದನ್ನು ಕಲಿತು ಉಸಿರು ಬಿಡುವ ಮೊದಲೇ ಇನ್ನೊಂದು ಬಂದು ನಿಂತಿರುತ್ತದೆ.

ಕಾಲಕ್ಕೆ ತಕ್ಕ ಹಾಗೆ ಮಿಷಿನ್ ಸೀರೆಯನ್ನೂ ಮಾರೋಣ ಎಂದು ನೀನು ಆಗಲೇ ಹೇಳಿದ್ದೆ. ಹೇಳಿದ್ದಕ್ಕೆ ಯಾರೂ ಬೇಸರಪಡಲಿಲ್ಲ. ಹೇಳದೆ ಅವನ್ನು ಕೈಮಗ್ಗದ ಸೀರೆಗಳ ಸಾಲಿಗೇ ಸೇರಿಸಿದೆ ನೋಡು, ಅದು ಅಪ್ಪನಿಗೆ ತಾಗಿತು. "ನನ್ ಕೈ ಎಸ್ರಲ್ಲಿ ಮಿಷಿನ್ ಸೀರೆ ಮಾರೋನು ನನ್ ಮನೇಲಿ ಇರ್ಬ್ಯಾಡ" ಎಂದರು. ನೀನೂ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದು ಹೋದೆ. ಇಬ್ಬರದೂ ಒಂದೇ ಹಟ, ನಡುವೆ ಸೊರಗಿದವಳು ಅಮ್ಮ.

ಆಮೇಲೆ ನಮಗೂ ನಿನಗೂ ನಡುವೆ ಉಳಿದ ಕೊಂಡಿ ಒಂದೇ. ಸೈಟು ನಿನ್ನ ಮೊಬೈಲ್ ನಂಬರಿನಲ್ಲೇ ಇರುವುದರಿಂದ ನಾನು ಲಾಗಿನ್ ಆಗುವಾಗಲೆಲ್ಲ ಆರಂಕಿಯ ಓಟಿಪಿ ನಿನಗೆ ಬರುತ್ತದೆ, ಅದನ್ನು ನೀನು ನನಗೆ ಕಳಿಸುತ್ತೀಯ. ಹೇಗಿದ್ದೀ ಅಂತಿಲ್ಲ, ಏನಿಲ್ಲ, ಬರೀ ಅಂಕಿ. ಸಂಜೆ ದೀಪ ಹಚ್ಚಿದ ಮೇಲೆ ಅಮ್ಮ "ನಂಬರ್ ಬಂತಾ ಅಂಜನಾ?" ಎನ್ನುತ್ತಾಳೆ. ಬಂತು ಎಂದರೆ "ಸರಿ, ಮಗ ಚೆಂದಾಗವ್ನೆ" ಎಂದು ಒಲೆ ಕಡೆ ಹೋಗುತ್ತಾಳೆ. ಅಪ್ಪ ಕೇಳುವುದಿಲ್ಲ, ಆದರೆ ಅಷ್ಟು ಹೊತ್ತು ಅವರ ಮಗ್ಗದ ಲಾಳಿ ನಿಂತಿರುತ್ತದೆ.

ಈಗ ಅದಕ್ಕೂ ಕುತ್ತು. ಬರುವ ತಿಂಗಳಿಂದ ಓಟಿಪಿ ಇರುವುದಿಲ್ಲವಂತೆ; ಸೈಟು ಯಾರ ಹೆಸರಲ್ಲಿದೆಯೋ ಅವರು ತಮ್ಮ ಫೋನಿಗೆ ಬೆರಳೊತ್ತಿದರೆ ಸಾಕಂತೆ. ಅಷ್ಟರೊಳಗೆ ನನ್ನ ಹೆಸರಿಗೆ ಬದಲಿಸಿಕೊಳ್ಳದಿದ್ದರೆ ಸೈಟೇ ಕೈತಪ್ಪುತ್ತದೆ. ಬದಲಿಸಲು ಕೊನೆಯದಾಗಿ ಒಂದು ಓಟಿಪಿ ನಿನಗೆ ಬರುತ್ತದೆ, ತಪ್ಪದೆ ಕಳಿಸು. ಆಮೇಲೆ ನನ್ನ ಕಾಟ ನಿನಗಿರುವುದಿಲ್ಲ.

ಮೈ ಕಡೆ ಜೋಪಾನ. ತಾಯಿ ಚೌಡೇಶ್ವರಿ ನಿನ್ನನ್ನು ಕಾಯಲಿ. ಅಮ್ಮ ಆಶೀರ್ವಾದ ಬರೆ ಅಂದಳು, ಬರೆದಿದ್ದೇನೆ. ಅಪ್ಪ, ಕಾಗದ ಯಾರಿಗೆ ಎಂದಷ್ಟೇ ಕೇಳಿದರು.

ನಿನ್ನ ತಂಗಿ,
ಅಂಜನಾ

ಮತ್ತೆ: ಮಹದೇವು ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಹೇಳಿಬಿಡುತ್ತೇನೆ. ಒಂದು ಸಲ ಲಾಗಿನ್ ಆದರೆ ಸೈಟು ತಿಂಗಳುಗಟ್ಟಲೆ ತೆರೆದೇ ಇರುತ್ತದೆ. ನೀನೇ ಕಟ್ಟಿದ್ದು, ನಿನಗೆ ಗೊತ್ತಿಲ್ಲವೆ? ದಿನಾ ಬೇಕಂತಲೇ ಲಾಗೌಟ್ ಮಾಡುತ್ತಿದ್ದವಳು ನಾನು. ಗೊತ್ತಿದ್ದೂ ಕಳಿಸುತ್ತಿದ್ದವನು ನೀನು. ಈಗ ಅಪ್ಪ ಮಗ್ಗದಿಂದ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದಾರೆ. "ಆ ನಂಬರ್ ನಿಂತೋದ್ರೆ ಅವ್ನ್ ಸುದ್ದಿ ಎಂಗವ್ವ ಗೊತ್ತಾಗದು?" ಅನ್ನುತ್ತಿದ್ದಾರೆ. ಏನು ಹೇಳಲಿ? ಬರುವ ತಿಂಗಳಿಂದಲೂ ಸಂಜೆ ಯಾವುದಾದರೂ ಆರು ಅಂಕಿ ಕಳಿಸು ಅಣ್ಣ. ಮನಸ್ಸಿಗೆ ಬಂದದ್ದು ಒತ್ತಿ ಕಳಿಸು. ಅಪ್ಪನಿಗೆ, ಬಂತು ಅಂತ ಹೇಳುತ್ತೇನೆ.