ನೀವು ಮಗುಚಿಸಿದ ಚಪ್ಪಡಿ

ಅಪ್ಪಾ,

ಮೊದಲು ‘ಪ್ರೀತಿಯ’ ಅಂತ ಬರೆಯಬೇಕಿತ್ತು. ಇವತ್ತು ಆಗುವುದಿಲ್ಲ.

ನಿಮ್ಮ ಉತ್ತರಕ್ರಿಯೆಯ ಬೊಜ್ಜದ ದಿನ, ಊಟ ಮುಗಿದು ಎಲೆ ತೆಗೆಯುವಾಗ, ಪುತ್ತಿಗೆಯ ಐತಪ್ಪಣ್ಣ ನನ್ನ ಹತ್ತಿರ ಬಂದು ಕೂತರು. ನಾನು ಸಂಶೋಧನೆ ಮಾಡುತ್ತಿದ್ದ, ಅಲ್ಲಿಯ ಗುಡ್ಡೆಯ ಮೇಲಿನ ಪುರಾತನ ಸಮಾಧಿಯ ಮಾತು ಬಂತು. “ಮಾಸ್ಟ್ರಿಗೆ ಆ ಚಪ್ಪಡಿ ಕಲ್ಲೆಂದರೆ ಜೀವ ಮಾರಾಯ್ತಿ. ಅಡಿಯಲ್ಲಿ ಅಕ್ಷರ ಉಂಟೂಂತ ನಮ್ಮ ಆರು ಜನರ ಕೈಯಲ್ಲಿ ಹಾರೆ ಹಾಕಿಸಿ ಮಗುಚಿಸಿದ್ರು. ಅಕ್ಷರವೂ ಇಲ್ಲ, ಎಂಥದ್ದೂ ಇಲ್ಲ. ನನ್ನ ಸೊಂಟ ಹೋದದ್ದೇ ಬಂತು” ಅಂತ ನಕ್ಕರು. ಯಾವಾಗ ಅಂತ ಕೇಳಿದೆ. “ನಿನ್ನ ಮದುವೆಯ ವರ್ಷ. ಇಡೀ ಬೇಸಿಗೆ ಅಂಗಾತ ಬಿದ್ದಿತ್ತು. ಸಂಜೆಯ ಓರೆ ಬಿಸಿಲಿಗೆ ಅಕ್ಷರ ಕಾಣ್ತದೆ ಅಂತ ಬಂಟ್ವಾಳದಿಂದ ಸ್ಕೂಟರಲ್ಲಿ ಬರ್ತಾ ಇದ್ದರು. ಮಳೆ ಹಿಡಿಯುವ ಮೊದಲು ವಾಪಸ್ ಇಟ್ಟೆವು, ಮೊದಲಿನ ಹಾಗೇ.”

ಕಲ್ಲಿನ ಹರಳುಗಳ ವಿಷಯ ನಾನು ನಿಮಗೆ ವಿವರಿಸಿದ್ದು ನಮ್ಮ ಊಟದ ಮೇಜಿನಲ್ಲಿ, ನೆನಪುಂಟಾ? ಕತ್ತಲಲ್ಲಿದ್ದಷ್ಟು ಕಾಲ ಅವು ಸುತ್ತಲಿನ ಸಣ್ಣ ವಿಕಿರಣದಿಂದ ಶಕ್ತಿ ಕೂಡಿಟ್ಟುಕೊಳ್ಳುತ್ತವೆ. ಬಿಸಿಲು ತಾಗಿದರೆ ಹೊರಗಿನಿಂದ ಒಳಕ್ಕೆ ಬರಿದಾಗುತ್ತಾ ಹೋಗುತ್ತವೆ. ಲ್ಯಾಬಿನಲ್ಲಿ ಬೆಳಕು ಹಾಯಿಸಿದರೆ, ಎಷ್ಟು ಕೂಡಿದೆಯೋ ಅಷ್ಟು ಮಿನುಗುತ್ತವೆ. ಹಾಗಾಗಿ ಚಪ್ಪಡಿಯ ಅಡಿಮುಖ ಕೊನೆಯದಾಗಿ ಹಗಲು ಕಂಡದ್ದು ಯಾವಾಗ, ಅಂದರೆ ಸಮಾಧಿ ಮುಚ್ಚಿದ್ದು ಯಾವಾಗ ಅಂತ ಹೇಳಬಹುದು. ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿ ನೀವು ಕೇಳಿದಿರಿ, “ಸ್ವಲ್ಪ ದಿನದ ಬಿಸಿಲು ಬಿದ್ದಿದ್ರೂ ಗೊತ್ತಾಗ್ತದಾ?” ಗೊತ್ತಾಗ್ತದೆ ಅಂದೆ. ನೀವು ಮಜ್ಜಿಗೆ ಕೇಳಿದಿರಿ. ಆಗ ಒಂದು ಮಾತು ಹೇಳಿದ್ದರೆ ಅಪ್ಪಾ, ಒಂದೇ ಒಂದು…

ಚಪ್ಪಡಿಯ ಅಂಚು ಎತ್ತಿ ಅಡಿಮುಖದಿಂದ ತುಂಡು ಕೊರೆದ ದಿನ, ಕಪ್ಪು ಟಾರ್ಪಾಲಿನ ಒಂದು ತುದಿ ಹಿಡಿದವರು ನೀವೇ. “ಬೆಳಕು ಬೀಳ್ತದೆ, ಸರಿ ಹಿಡೀರಿ ಮಾರಾಯ್ರೆ” ಅಂತ ನಿಮ್ಮ ಅಳಿಯನಿಗೇ ಗದರಿದಿರಿ. ಐದು ತಿಂಗಳ ಬಸುರಿ ನಾನು ಮಂಡಿಯೂರಿ ಕೂತಿದ್ದೆ. ಯಾರಿಗಾಗಿ ಆ ನಾಟಕ?

ಮಗುವಿಗೆ ನಾಲ್ಕು ತಿಂಗಳಾಗುವಾಗ ಫಲಿತಾಂಶ ಬಂತು. ತುಂಡನ್ನು ತೆಳ್ಳಗೆ ಬಿಲ್ಲೆಗಳಾಗಿ ಕತ್ತರಿಸಿ ನೋಡಿದರೆ ಹೊರಗಿನ ಬಿಲ್ಲೆಗಳೆಲ್ಲ ಖಾಲಿ. ಗೈಡ್ ಮೇಡಂ ಸಿಟ್ಟು ಮಾಡಲಿಲ್ಲ, ಕಷ್ಟವಾದದ್ದು ಅದೇ. “ಎಲ್ಲೋ ಬೆಳಕು ತಾಗಿಸಿದ್ದೀರಿ. ಸಣ್ಣ ಮಗು, ನಿದ್ದೆ ಇಲ್ಲ, ಆಗ್ತದೆ. ಸದ್ಯ ಮನೆಯಲ್ಲಿರಿ” ಅಂದರು. ಲ್ಯಾಬಿನಲ್ಲಿ ಕೆಂಪು ದೀಪದ ಬದಲು ಬಿಳಿ ದೀಪ ಹಾಕಿದೆನಾ? ತುಂಡು ತಂದ ಚೀಲದ ಬಾಯಿ ಕಟ್ಟಲಿಲ್ಲವಾ? ನನಗೆ ನನ್ನದೇ ನೆನಪಿನ ಮೇಲೆ ನಂಬಿಕೆ ಹೋಯಿತು. ಗ್ಯಾಸ್ ಆಫ್ ಮಾಡಿದೆನಾ ಅಂತ ಮೂರು ಸಲ ನೋಡುತ್ತಿದ್ದೆ. ಮಗುವಿಗೆ ಔಷಧಿ ಕುಡಿಸಿದ್ದು ಒಂದು ಸಲವಾ, ಎರಡು ಸಲವಾ? ನನ್ನ ಕೈಗೇ ಹೆದರಿ ಸ್ನಾನ ಮಾಡಿಸುವುದನ್ನು ಅತ್ತೆಗೆ ಬಿಟ್ಟುಕೊಟ್ಟೆ. ಅಂಥವಳ ತಲೆ ಸವರಿ ನೀವು ಹೇಳಿದ್ದು, “ಹೋಗ್ಲಿ ಬಿಡು ಮಗಾ, ತಪ್ಪು ಯಾರಿಗೂ ಆಗ್ತದೆ.” ಯಾರ ತಪ್ಪು, ಅಪ್ಪಾ?

ಹೋದ ವಾರ ಅಮ್ಮನ ಹತ್ತಿರ ಎಲ್ಲ ಹೇಳಿದೆ. ಅವರಿಗೆ ಮೊದಲೇ ಗೊತ್ತಿತ್ತು. “ಸತ್ತವರ ಮೇಲೆ ಹಾಕ್ಬೇಡ. ಊರಲ್ಲಿ ಅವರಿಗೊಂದು ಹೆಸರುಂಟು” ಅಂದರು. “ನನಗೆ?” ಅಂದೆ. ಅವರು ತೊಟ್ಟಿಲು ತೂಗುತ್ತಾ ಕೂತರು.

ಮೊನ್ನೆ ಮೇಡಂಗೆ ಪೂರ್ತಿ ಬರೆದು ಕಳಿಸಿದೆ. ಕೂಡಲೇ ಫೋನ್ ಬಂತು. “ದೀಪ ಒಂದು ಗಳಿಗೆ ತಾಗಿದರೆ ಇಷ್ಟು ಆಳ ಬರಿದಾಗುವುದಿಲ್ಲ, ಅದನ್ನು ನಾನಾದರೂ ಯೋಚಿಸಬೇಕಿತ್ತು, ಕ್ಷಮಿಸಿ” ಅಂದರು ಮೇಡಂ. ಇನ್ನೂ ಒಳಗಿನ ಬಿಲ್ಲೆಗಳಲ್ಲಿ ಹಳೆಯ ಕಾಲ ಉಳಿದಿರಬಹುದಂತೆ. ಸೋಮವಾರದಿಂದ ಲ್ಯಾಬಿಗೆ ಹೋಗ್ತೇನೆ. ಆ ಕಲ್ಲಿನ ಜೊತೆ ನಿಮ್ಮ ಹೆಸರು ಅಚ್ಚಾಗಬೇಕು ಅಂತ ನಿಮಗೆ ಎಷ್ಟೊಂದು ಆಸೆ ಇತ್ತಲ್ಲ, ಆಗ್ತದೆ. ನನ್ನ ಪ್ರಬಂಧದಲ್ಲಿ ಒಂದು ಸಾಲು: ನಿವೃತ್ತ ಶಿಕ್ಷಕರೊಬ್ಬರು ಚಪ್ಪಡಿಯನ್ನು ಮಗುಚಿಸಿ ಒಂದು ಬೇಸಿಗೆ ಬಿಸಿಲಿಗೆ ಬಿಟ್ಟಿದ್ದರು. ಹೆಸರು ಬೇಡ, ‘ಒಬ್ಬರು’ ಅಂದರೆ ಸಾಕು ಅಂದರು ಮೇಡಂ. ಬೇಕು ಅಂದೆ. ‘ಒಬ್ಬರು’ ಅಳಿಸಿ ನಿಮ್ಮ ಹೆಸರನ್ನು ಇನಿಶಿಯಲ್ ಸಮೇತ ನಾನೇ ಟೈಪ್ ಮಾಡಿದ್ದೇನೆ.